ಮಾವಿನ ಮರದ ಮೇಲೆ ತಪ್ಪು ಹಾಕುವ ಮೊದಲು

(1/3)

ಫೋಟೋದಲ್ಲಿ ಇರುವುದು ನಮ್ಮ ಮನೆ ಹಿಂದಿನ ಕಾಟುಮಾವಿನ ಮರ. ನಂತೂರು ಸರ್ಕಲಿಂದ ಐದು ನಿಮಿಷ ನಡೆದರೆ ಸಿಗ್ತದೆ. ಈ ಜನವರಿಯಲ್ಲಿ ಇದನ್ನು ಕಡಿಯುವುದು ಅಂತ ಮನೆಯಲ್ಲಿ ಹೆಚ್ಚುಕಡಿಮೆ ತೀರ್ಮಾನವೇ ಆಗಿತ್ತು. ಕಾರಣ ನಾನು. ಸರಿಯಾಗಿ ಹೇಳಬೇಕಂದ್ರೆ ನನ್ನ ಮೂಗು.

ಪಿಯುಸಿ ಮುಗಿದಾಗಿನಿಂದ ಡಿಸೆಂಬರ್ ಬಂತಂದ್ರೆ ಮೇ ತನಕ ಸೀನು. ಒಂದೆರಡಲ್ಲ ಮಾರ್ರೆ, ಶುರುವಾದರೆ ಒಟ್ಟಿಗೆ ಹದಿನೈದು. ಕಳೆದ ವರ್ಷ ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯ ದಿನ ಬೆಳಿಗ್ಗೆ ಸೆಟಿರಿಜಿನ್ ನುಂಗಿ ಹೋಗಿ ಎರಡನೇ ಪ್ರಶ್ನೆಯಲ್ಲೇ ತೂಕಡಿಸಿದವಳು ನಾನು. ಮಾರ್ಕ್ಸ್ ಎಷ್ಟು ಅಂತ ಕೇಳ್ಬೇಡಿ.

ಪಕ್ಕದ ಮನೆ ಆಂಟಿ ಬಂದು ಅಮ್ಮನ ಹತ್ರ, "ಆ ಮರದ ಹೂವಿನದ್ದೇ ಅಲರ್ಜಿ. ತೆಗೆಸಿ ಆಯ್ತಾ, ಮಗಳಿಗೆ ಕಮ್ಮಿ ಆಗ್ತದೆ" ಅಂದ್ರು. ಅಮ್ಮನಿಗೂ ಹೌದು ಅನಿಸಿತು. ಮರದಲ್ಲಿ ಹೂ, ನನ್ನ ಮೂಗಲ್ಲಿ ನೀರು, ಎರಡೂ ಒಂದೇ ತಿಂಗಳು ಬರ್ತವಲ್ಲ. ಅಪ್ಪ ಮರ ಕಡಿಯುವವರಿಗೆ ಫೋನ್ ಕೂಡ ಮಾಡಿದ್ದರು. ಬೇಡ ಅಂದದ್ದು ಅಜ್ಜಿ ಒಬ್ಬರೇ, ಅದೂ ಉಪ್ಪಿನಕಾಯಿಯ ಆಸೆಗೆ.

ನಾನು ಹೇಳಬೇಕಂತ ಇರುವುದು ಇಷ್ಟೇ. ನಾಳೆ ಮಳೆ ಬರ್ತದಾ ಇಲ್ವಾ ಅಂತ ನಮಗೆ ದಿನಾ ಹೇಳುವವರಿದ್ದಾರೆ. ಇವತ್ತು ಗಾಳಿಯಲ್ಲಿ ಯಾವ ಹೂವಿನ ಪರಾಗ ಎಷ್ಟು ಉಂಟು ಅಂತ ಎಣಿಸಿ ಹೇಳುವ ವ್ಯವಸ್ಥೆ ಮಂಗಳೂರಿನ ಜನಸಾಮಾನ್ಯರ ಕೈಗೆ ಸಿಗುವ ಹಾಗೆ ಇಲ್ಲ. ಹಾಗಾಗಿ ಕಣ್ಣಿಗೆ ಕಂಡ ಮರವೇ ಅಪರಾಧಿ.

(2/3)

"ಫೋನಲ್ಲಿ ಎಕ್ಯೂಐ ನೋಡಿದ್ರೆ ಆಯ್ತಲ್ಲ" ಅಂತೀರಾ? ನಾನೂ ನೋಡ್ತಿದ್ದೆ. ಗಾಳಿಯ ಗುಣಮಟ್ಟ ಅಳೆಯುವ ಕೇಂದ್ರ ಇಲ್ಲೇ ಕದ್ರಿಯಲ್ಲಿ ಉಂಟು. ಆದರೆ ನಮ್ಮ ದೇಶದ ಎಕ್ಯೂಐಗೆ ತೆಗೆದುಕೊಳ್ಳುವ 8 ಮಾಲಿನ್ಯಕಾರಕಗಳಲ್ಲಿ ಪರಾಗ ಇಲ್ಲವೇ ಇಲ್ಲ. ಪಿಎಂ 10 ಅಂದ್ರೆ 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ಹುಲ್ಲಿನ ಪರಾಗದ ಒಂದು ಕಾಳು 30 ಮೈಕ್ರಾನ್ ಆಸುಪಾಸು ಇರ್ತದೆ. ಮೀಟರ್ ಹಸಿರು ತೋರಿಸಿದ ದಿನವೂ ನೀವು ಸೀನಬಹುದು, ಮೀಟರ್ ಸುಳ್ಳು ಹೇಳಿದ್ದಲ್ಲ.

ಪರಾಗ ಎಣಿಸುವ ಯಂತ್ರ ದೊಡ್ಡ ರಾಕೆಟ್ ಸೈನ್ಸ್ ಏನಲ್ಲ. ಇಂಗ್ಲೆಂಡಿನ ಹರ್ಸ್ಟ್ ಎನ್ನುವವರು 1952ರಲ್ಲೇ ಅದರ ವಿನ್ಯಾಸ ಕೊಟ್ಟರು. ನಿಮಿಷಕ್ಕೆ 10 ಲೀಟರ್ ಗಾಳಿ ಎಳೆಯುವ ಪೆಟ್ಟಿಗೆ, ಒಳಗೆ ಗಂಟೆಗೆ 2 ಮಿಲಿಮೀಟರ್ ಸರಿಯುವ ಅಂಟುಪಟ್ಟಿ. ಪರಾಗ ಅಂಟಿಕೊಳ್ತದೆ. ಆಮೇಲೆ ಮೈಕ್ರೋಸ್ಕೋಪ್ ಮುಂದೆ ಒಬ್ಬರು ಕೂತು ಎಣಿಸಬೇಕು. ಕಷ್ಟ ಇರುವುದು ಆ ಕೂತುಕೊಳ್ಳುವವರದ್ದು. ವರ್ಷಗಟ್ಟಲೆ ಎಣಿಸಿದರೆ ಯಾವ ತಿಂಗಳು ಯಾವುದು ಅಂತ ಕ್ಯಾಲೆಂಡರ್ ಆಗ್ತದೆ. ಅದಕ್ಕೆ ಹವಾಮಾನ ಸೇರಿಸಿದರೆ ನಾಳೆಯ ಮುನ್ಸೂಚನೆ. ಚಂಡೀಗಢದಲ್ಲಿ ಪಿಜಿಐಎಂಇಆರ್ ಮತ್ತು ಪಂಜಾಬ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಪರಾಗ ಕ್ಯಾಲೆಂಡರ್ 2021ರಲ್ಲಿ ಹೊರಗೆ ಬಂತು. ನಮಗೆ ಅದು ನಡೆಯುವುದಿಲ್ಲ. ಅಲ್ಲಿ ಕಡಲಿಲ್ಲ, ತೆಂಗಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಹೀಗೆ ಹೊಡೆಯುವ ಮಳೆ ಇಲ್ಲ.

ಬರೀ ಸೀನಿನ ವಿಷಯ ಅಂತ ನಗಬೇಡಿ. 2016ರ ನವೆಂಬರ್ 21ರಂದು ಮೆಲ್ಬರ್ನ್‌ನಲ್ಲಿ ಹುಲ್ಲಿನ ಪರಾಗ ತುಂಬಿದ ಗಾಳಿಗೆ ಗುಡುಗುಮಳೆ ಸೇರಿ ಸಾವಿರಾರು ಜನ ಉಸಿರು ಸಿಗದೆ ಆಸ್ಪತ್ರೆಗೆ ಓಡಿದರು, 10 ಜನ ತೀರಿಹೋದರು. ಮರುವರ್ಷವೇ ಅಲ್ಲಿ ಮುನ್ಸೂಚನೆ ಶುರುವಾಯಿತು. ಇಲ್ಲಿ ಹಾಗೆ ಆಗ್ತದೆ ಅಂತ ಹೇಳ್ತಾ ಇಲ್ಲ. ಅಸ್ತಮಾ ಇರುವ ಮಕ್ಕಳು ನಮ್ಮ ಬೀದಿಯಲ್ಲೂ ಇದ್ದಾರೆ, ಏಪ್ರಿಲ್ ಸಂಜೆಯ ಗುಡುಗು ನಮಗೂ ಉಂಟು, ಅಷ್ಟೇ.

ಈಗ ಮರದ ವಿಷಯ. ಚಂದ ಕಾಣುವ, ಪರಿಮಳ ಇರುವ ಹೂ ಸಾಮಾನ್ಯವಾಗಿ ನೊಣ, ಜೇನನ್ನು ಕರೆಯಲಿಕ್ಕೆ. ಮಾವು ಅದೇ ಜಾತಿ. ಅದರ ಪರಾಗ ಅಂಟಂಟು, ದೂರ ಹಾರುವುದು ಕಡಿಮೆ. ಕೊಂಬೆಗೆ ಮೂಗು ತಾಗಿಸಿದರೆ ಕಿರಿಕಿರಿ ಆಗಬಹುದು, ಕೆಲವರಿಗೆ ನಿಜವಾದ ಅಲರ್ಜಿಯೂ ಇರ್ತದೆ. ಆದರೆ ಗಾಳಿಗೆ ರಾಶಿ ರಾಶಿ ಪರಾಗ ಬಿಡುವುದು ಹುಲ್ಲು, ಗಾಳಿಮರದಂಥವು. ಅವುಗಳ ಹೂವನ್ನು ನೀವು ನೋಡಿಯೇ ಇರಲಿಕ್ಕಿಲ್ಲ. ತಣ್ಣೀರುಬಾವಿ ಬೀಚಿಗೆ ಹೋಗಿ ಗಾಳಿಮರದ ಕೆಳಗೆ ಸೆಲ್ಫಿ ತೆಗೆದು ಬಂದು ಮನೆಯ ಮಾವಿಗೆ ಬೈಯುವವರು ನಾವು.

(3/3)

ಮರ ಕಡಿಯುವವರು ಬರುವುದಕ್ಕೆ ಒಂದು ತಿಂಗಳು ಕೊಡಿ ಅಂತ ಅಪ್ಪನ ಹತ್ರ ಕೇಳಿಕೊಂಡೆ. ಅಕೌಂಟ್ಸ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಡೇಬುಕ್ ಶುರು ಮಾಡಿದೆ. ತಾರೀಕು, ಗಂಟೆ, ಎಲ್ಲಿ ಇದ್ದೆ, ಎಷ್ಟು ಸೀನು, ಕಾರಣ.

ಎರಡೇ ವಾರಕ್ಕೆ ವಿಷಯ ಕಂಡಿತು. ಹೆಚ್ಚಿನ ಎಂಟ್ರಿ ಬೆಳಿಗ್ಗೆ ಆರು ಗಂಟೆಗೆ, ಹಾಸಿಗೆ ಮೇಲೆ, ಕಿಟಕಿ ಮುಚ್ಚಿದ್ದಾಗ. ಬೆಳ್ತಂಗಡಿಯ ಮಾವನ ಮನೆಯಲ್ಲಿ ಸುತ್ತ ಹೂಬಿಟ್ಟ ಮಾವು, ಗೇರು. ಅಲ್ಲಿ ಮೂರು ದಿನಕ್ಕೆ ಎರಡು ಸೀನು.

ಅಲರ್ಜಿ ಡಾಕ್ಟರ್ ಹತ್ರ ಹೋದೆ. ಮುಂಗೈಗೆ ಸಾಲಾಗಿ ಚುಚ್ಚಿ ಕಾಲು ಗಂಟೆ ಕೂರಿಸಿದರು. (ಟೆಸ್ಟಿಗೆ ಕೆಲವು ದಿನ ಮೊದಲೇ ಸೆಟಿರಿಜಿನ್ ನಿಲ್ಲಿಸಬೇಕು, ಎಷ್ಟು ದಿನ ಅಂತ ಅವರನ್ನೇ ಕೇಳಿ.) ಮಾವಿನ ಚುಕ್ಕಿ ಸುಮ್ಮನೆ ಕೂತಿತ್ತು. ಹುಲ್ಲಿನದ್ದು ಸ್ವಲ್ಪ ಉಬ್ಬಿತ್ತು. ಡಸ್ಟ್ ಮೈಟ್, ಅಂದ್ರೆ ಹಾಸಿಗೆ ದಿಂಬಿನಲ್ಲಿ ಬದುಕುವ ಕಣ್ಣಿಗೆ ಕಾಣದ ನುಸಿ, ಅದರದ್ದು ದೊಡ್ಡ ಗುಳ್ಳೆ.

ಇಲ್ಲಿ ನನಗೆ ಸಿಟ್ಟು ಬರುವುದು ಯಾಕೆ ಗೊತ್ತುಂಟಾ? ಎರಡು ವರ್ಷ ನಾನು ವಿದೇಶದ ರೀಲ್ಸ್ ನೋಡಿ "ಪರಾಗದ ಸೀಸನ್, ಕಿಟಕಿ ಮುಚ್ಚಿ" ಅನ್ನುವುದನ್ನು ಪಾಲಿಸಿದ್ದೆ. ಸೆಕೆಯ, ತೇವದ ಊರಲ್ಲಿ ಕೋಣೆ ಮುಚ್ಚಿ ನುಸಿಗೆ ನಾನೇ ಮನೆ ಕಟ್ಟಿಕೊಟ್ಟ ಹಾಗಾಯ್ತು. ಅಲ್ಲಿಯವರಿಗೆ ಅದು ಸರಿ, ಅವರಲ್ಲಿ ಎಣಿಸುವವರಿದ್ದಾರೆ. ಈಗ ವಾರಕ್ಕೊಮ್ಮೆ ಬೆಡ್‌ಶೀಟು ಬಿಸಿನೀರಿಗೆ, ದಿಂಬು ಬಿಸಿಲಿಗೆ, ಕಿಟಕಿ ಪೂರ್ತಿ ಓಪನ್.

ಮಂಗಳೂರಲ್ಲಿ ಮೆಡಿಕಲ್ ಕಾಲೇಜಿಗೆ ಬರ ಇಲ್ಲ, ಬಾಟನಿ ಕಲಿಸುವ ಕಾಲೇಜಿಗೂ ಇಲ್ಲ. ಯಾವುದಾದರೂ ಒಂದು ಟೆರೇಸಿನ ಮೇಲೆ ಒಂದು ಪೆಟ್ಟಿಗೆ, ಒಂದು ವರ್ಷದ ಎಣಿಕೆ, ದಿನಾ ಒಂದು ನಂಬರ್. ಬಾಟನಿ ಓದುವವರು ಈ ಪೋಸ್ಟನ್ನು ನಿಮ್ಮ ಲೆಕ್ಚರರ್‌ಗೆ ತೋರಿಸಿ, ಪ್ರಾಜೆಕ್ಟ್ ಟಾಪಿಕ್ ಹುಡುಕ್ತಾ ಇರ್ತೀರಲ್ಲ. ಎಕ್ಸೆಲ್ ಶೀಟ್ ನಾನು ಮಾಡಿಕೊಡ್ತೇನೆ, ಬಿಕಾಂನವರಿಗೆ ಅಷ್ಟಾದರೂ ಬರ್ತದೆ.

ಮರ ಉಳಿಯಿತು. ಅಜ್ಜಿಯ ಭರಣಿ ತುಂಬಿದೆ. ನನ್ನ ಡೇಬುಕ್ ಮಾತ್ರ ಟ್ಯಾಲಿ ಆಗಿಲ್ಲ. ಮಾರ್ಚ್‌ನಲ್ಲಿ ಏಳು ದಿನ, ಹೈವೇ 66ರ ಬಸ್‌ಸ್ಟಾಪಿನಲ್ಲಿ, ಹಾಸಿಗೆಯಿಂದ ದೂರ ಇದ್ದಾಗಲೂ ಭಯಂಕರ ಸೀನು. ರಸ್ತೆಯ ಧೂಳಾ, ಯಾವುದೋ ಪರಾಗವಾ? ಟ್ಯಾಲಿ ಆಗದ ಲೆಕ್ಕವನ್ನು ನಾವು ಸಸ್ಪೆನ್ಸ್ ಅಕೌಂಟಿಗೆ ಹಾಕುವುದು. ಆ ಏಳು ದಿನವನ್ನೂ ಅಲ್ಲೇ ಹಾಕಿಟ್ಟಿದ್ದೇನೆ.