ಎಲೆ ಮುದುರಿದೆಯೇ? ನೀರು ಸುರಿಯುವ ಮುನ್ನ ಮಣ್ಣು ಮುಟ್ಟಿ ನೋಡಿ

ಹಜಾರದ ಕಿಟಕಿಯ ಬಳಿ ಚೆನ್ನಾಗಿಯೇ ಇದ್ದ ಮನಿ ಪ್ಲಾಂಟ್‌ನ ಎಲೆಗಳು ಒಂದು ದಿನ ಒಳಮುಖವಾಗಿ ಸುರುಳಿ ಸುತ್ತಿಕೊಂಡಿರುತ್ತವೆ. ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಪಾಪ, ಬಾಯಾರಿದೆ. ಒಂದು ಚೊಂಬು ನೀರು ಹಾಕಿ." ಮರುದಿನವೂ ಎಲೆ ಬಿಚ್ಚಿಕೊಳ್ಳದಿದ್ದರೆ ಇನ್ನೊಂದು ಚೊಂಬು. ಕೆಲವು ದಿನಗಳಲ್ಲಿ ಎಲೆ ಹಳದಿಯಾಗಿ, ಬುಡ ಮೆತ್ತಗಾಗಿ, ಗಿಡ ಕುಸಿದು ಬೀಳುತ್ತದೆ. "ನಮ್ಮ ಕೈಗೆ ಗಿಡ ಆಗಿಬರುವುದಿಲ್ಲ" ಎಂದು ಕುಂಡವನ್ನು ಹಿತ್ತಿಲಿಗೆ ಸಾಗಿಸಿಬಿಡುತ್ತೇವೆ. ಆದರೆ ಓದುಗರೇ, ಇಂತಹ ಎಷ್ಟೋ ಗಿಡಗಳನ್ನು ಕೊಲ್ಲುವುದು ನಮ್ಮ ಅತಿಯಾದ ಆರೈಕೆ.

ಗಿಡದ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಈ ಗಾಳಿ ಇರುತ್ತದೆ. ದಿನವೂ ನೀರು ಹಾಕುತ್ತಿದ್ದರೆ ಸಂದುಗಳೆಲ್ಲ ನೀರಿನಿಂದ ತುಂಬುತ್ತವೆ. ಆಮ್ಲಜನಕ ಸಿಗದೆ ಬೇರು ಕೊಳೆಯುತ್ತದೆ. ಕೊಳೆತ ಬೇರಿಗೆ ನೀರು ಹೀರುವ ಶಕ್ತಿ ಇಲ್ಲ. ಕುಂಡದ ತುಂಬ ನೀರಿದ್ದರೂ ಎಲೆಗೆ ಅದು ತಲುಪುವುದಿಲ್ಲ. ಆಗ ಎಲೆ, ತನ್ನಲ್ಲಿ ಉಳಿದಿರುವ ತೇವ ಆರಿಹೋಗದಂತೆ ಮುದುರಿಕೊಳ್ಳುತ್ತದೆ. ಹೀಗೆ ನೀರಿಲ್ಲದೆ ಒಣಗಿದ ಗಿಡವೂ ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಮೇಲ್ನೋಟಕ್ಕೆ ಒಂದೇ ರೀತಿ ಕಾಣಿಸುತ್ತವೆ. ಕಾರಣ ತಿಳಿಯಬೇಕಾದರೆ ಮಣ್ಣನ್ನೇ ಕೇಳಬೇಕು.

ಬೆರಳೇ ಅಳತೆಗೋಲು

ಕುಂಡದ ಮಣ್ಣಿನೊಳಗೆ ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ. ಮೇಲ್ಪದರ ಮಾತ್ರ ಒಣಗಿ ಒಳಗೆ ಹಸಿಯಾಗಿರುವುದು ಸಾಮಾನ್ಯ. ಆದ್ದರಿಂದ ಮೇಲಿನಿಂದ ನೋಡಿದರೆ ಸಾಲದು.

ಬೆರಳಿಗೆ ಪುಡಿಪುಡಿಯಾದ ಒಣ ಮಣ್ಣು ಸಿಕ್ಕಿತೇ? ಕುಂಡ ಎತ್ತಿದರೆ ಹಗುರವಾಗಿದೆಯೇ? ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡಿದೆಯೇ? ಎಲೆಯ ಅಂಚು ಗರಿಗರಿಯಾಗಿದೆಯೇ? ಹಾಗಿದ್ದರೆ ಗಿಡಕ್ಕೆ ನಿಜವಾಗಿಯೂ ಬಾಯಾರಿಕೆಯಾಗಿದೆ.

ಮಣ್ಣು ಬೆರಳಿಗೆ ಅಂಟುತ್ತಿದೆಯೇ? ಹುಳಿ ವಾಸನೆ ಬರುತ್ತಿದೆಯೇ? ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆಯೇ? ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿವೆಯೇ? ಈ ನೊಣಗಳು ಮರಿ ಮಾಡುವುದೇ ಸದಾ ಹಸಿಯಾಗಿರುವ ಮಣ್ಣಿನಲ್ಲಿ. ಇಲ್ಲಿ ನೀರು ಹೆಚ್ಚಾಗಿದೆ ಎಂದು ತಿಳಿಯಿರಿ.

ಪರಿಹಾರವೇನು?

ಪೂರ್ತಿ ಒಣಗಿದ ಮಣ್ಣಿಗೆ, ಅದರಲ್ಲೂ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣಿಗೆ, ಮೇಲಿನಿಂದ ನೀರು ಹೊಯ್ದರೆ ಅದು ಬದಿಯ ಬಿರುಕಿನಿಂದ ಇಳಿದು ಹೊರಟುಹೋಗುತ್ತದೆ. ಬೇರು ಒಣಗಿಯೇ ಉಳಿಯುತ್ತದೆ. ಒಂದು ಟಬ್‌ನಲ್ಲಿ ನಾಲ್ಕು ಬೆರಳಿನಷ್ಟು ನೀರು ತುಂಬಿ ಕುಂಡವನ್ನು ಅರ್ಧ ಗಂಟೆ ಅದರಲ್ಲಿಡಿ. ತಳದ ರಂಧ್ರದಿಂದ ಮಣ್ಣು ನಿಧಾನವಾಗಿ ನೀರು ಹೀರಿಕೊಳ್ಳುತ್ತದೆ. ಬಳಿಕ ಹೊರತೆಗೆದು ಹೆಚ್ಚಿನ ನೀರು ಸೋರಿಹೋಗಲು ಬಿಡಿ. ಬೇರು ಗಟ್ಟಿಯಾಗಿದ್ದರೆ ಒಂದೆರಡು ದಿನಗಳೊಳಗೆ ಎಲೆ ಬಿಚ್ಚಿಕೊಳ್ಳುತ್ತದೆ.

ನೀರು ಹೆಚ್ಚಾಗಿದ್ದರೆ ಮೊದಲು ನೀರು ನಿಲ್ಲಿಸಿ ಕುಂಡವನ್ನು ಗಾಳಿ, ಬೆಳಕು ಇರುವಲ್ಲಿಗೆ ಸರಿಸಿ. ತಳದ ರಂಧ್ರ ಮುಚ್ಚಿಕೊಂಡಿದೆಯೇ ನೋಡಿ. ಗಿಡ ಇನ್ನೂ ಸೊರಗುತ್ತಿದ್ದರೆ ಮಣ್ಣುಸಮೇತ ಹೊರತೆಗೆಯಿರಿ. ಬಿಳಿಯಾಗಿ, ಗಟ್ಟಿಯಾಗಿರುವ ಬೇರು ಆರೋಗ್ಯವಾಗಿದೆ. ಕಂದಾಗಿ, ಲೋಳೆಯಾಗಿ, ಎಳೆದರೆ ಕಿತ್ತುಬರುವ ಬೇರು ಕೊಳೆತಿದೆ. ಅದನ್ನು ಸ್ವಚ್ಛವಾದ ಕತ್ತರಿಯಿಂದ ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಿ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲಾಗಿ ಬೆರೆಸಿದರೆ ನೀರು ಸರಾಗವಾಗಿ ಇಳಿಯುತ್ತದೆ. ಹೊಸ ಚಿಗುರು ಬರುವವರೆಗೆ ಮತ್ತೆ ಗೊಬ್ಬರ ಹಾಕಬೇಡಿ. ಬೇರು ಪೂರ್ತಿ ಹೋಗಿದ್ದರೂ ಮನಿ ಪ್ಲಾಂಟ್ ಆದರೆ ನಿರಾಶರಾಗಬೇಕಿಲ್ಲ. ಹಸಿರಾಗಿರುವ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿಟ್ಟರೆ ಹೊಸ ಬೇರು ಬರುತ್ತದೆ.

ಮಣ್ಣು ಸರಿಯಾಗಿದ್ದೂ ಎಲೆ ಮುದುರಿದರೆ

ಮಧ್ಯಾಹ್ನ ಮುದುರಿ ಸಂಜೆಗೆ ಬಿಚ್ಚಿಕೊಳ್ಳುವ ಎಲೆಗೆ ರೋಗವಿಲ್ಲ; ಪಶ್ಚಿಮದ ಕಿಟಕಿಯ ಬಿಸಿಲು ತಾಗುತ್ತಿರಬೇಕು. ಫ್ಯಾನ್ ಅಥವಾ ಎ.ಸಿ.ಯ ಗಾಳಿ ನೇರವಾಗಿ ಬಡಿದರೂ ಎಲೆ ಬೇಗನೆ ಒಣಗಿ ಸುತ್ತಿಕೊಳ್ಳುತ್ತದೆ. ಎರಡಕ್ಕೂ ಮದ್ದು ಕುಂಡದ ಜಾಗ ಬದಲಿಸುವುದು.

ಇನ್ನು ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿ. ಹತ್ತಿಯಂತಹ ಬಿಳಿ ಚುಕ್ಕೆಗಳಿದ್ದರೆ ಅದು ಹಿಟ್ಟು ತಿಗಣೆ. ಸೂಕ್ಷ್ಮವಾದ ಬಲೆಯಿದ್ದರೆ ನುಸಿ. ಎಲೆ ಅಂಟಂಟಾಗಿದ್ದು, ಗಿಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ರಸ ಹೀರುವ ಕೀಟ ಇದೆ ಎಂದೇ ಅರ್ಥ. ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿ. ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ಒಂದೆರಡು ಎಲೆಗೆ ಹಾಕಿ ನೋಡುವುದು ಒಳ್ಳೆಯದು. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಬೇಕು.

ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ, ಎಲೆಯ ತುದಿ ಕಂದಾಗಿದ್ದರೆ ರಾಸಾಯನಿಕ ಗೊಬ್ಬರ ಹೆಚ್ಚಾಗಿ ಉಪ್ಪಿನಂಶ ಉಳಿದಿರಬಹುದು. ಒಮ್ಮೆ ಧಾರಾಳವಾಗಿ ನೀರು ಹಾಯಿಸಿ ಅದನ್ನು ತೊಳೆದು ಹೊರಹಾಕಿ.

ನೀರಿಗೊಂದು ಶಿಸ್ತು

ತುಂಬಿದ ಮನೆಯಲ್ಲಿ ಇನ್ನೊಂದು ತೊಂದರೆಯಿದೆ. ಬೆಳಿಗ್ಗೆ ಅತ್ತೆ ನೀರು ಹಾಕುತ್ತಾರೆ. ಶಾಲೆಯಿಂದ ಬಂದ ಮಗಳು ತನ್ನ ಬಾಟಲಿಯಲ್ಲಿ ಉಳಿದದ್ದನ್ನು ಸುರಿಯುತ್ತಾಳೆ. ಅಡುಗೆಮನೆಯಿಂದ ಚಹಾದ ಚರಟವೂ ಅಲ್ಲಿಗೇ ಬರುತ್ತದೆ. ಹಾಲು, ಸಕ್ಕರೆ ಬೆರೆತ ಚರಟ ಇರುವೆಯನ್ನೂ ಬೂಷ್ಟನ್ನೂ ಕರೆಯುತ್ತದೆ. ಗಿಡದ ಜವಾಬ್ದಾರಿಯನ್ನು ಮನೆಯಲ್ಲಿ ಒಬ್ಬರಿಗೇ ವಹಿಸಿಬಿಡಿ. ಮಕ್ಕಳಿಗೆ ವಹಿಸಿದರೆ ಇನ್ನೂ ಒಳ್ಳೆಯದು, ಆದರೆ ಬೆರಳಿನ ಪರೀಕ್ಷೆಯನ್ನೂ ಕಲಿಸಿಕೊಡಿ.

ನೀರು ಹಾಕುವಾಗ ತಳದಿಂದ ಹೊರಬರುವಷ್ಟು ಹಾಕಿ, ಮತ್ತೆ ಮೇಲಿನ ಒಂದಂಗುಲ ಒಣಗುವವರೆಗೆ ಕಾಯಿರಿ. ಸ್ನೇಕ್ ಪ್ಲಾಂಟ್ ಮತ್ತು ಲೋಳೆಸರಕ್ಕೆ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಫರ್ನ್ ಮತ್ತು ಪೀಸ್ ಲಿಲಿಯ ಮಣ್ಣು ಪೂರ್ತಿ ಒಣಗಬಾರದು. ಎಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ ನೀರು ಕೇಳುವ ಗಿಡ, ಕರಾವಳಿಯ ಜುಲೈ ಮಳೆಯಲ್ಲಿ ವಾರಗಟ್ಟಲೆ ಕೇಳದಿರಬಹುದು. ಆದ್ದರಿಂದ ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ.

ಕುಂಡದ ಅಡಿಯ ತಟ್ಟೆಯನ್ನು ಮರೆಯಬೇಡಿ. ಅದರಲ್ಲಿ ನಿಂತ ನೀರು ಬೇರನ್ನು ಕೊಳೆಸುವುದರ ಜೊತೆಗೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ತವರಾಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮೊಟ್ಟೆಗಳು ತಟ್ಟೆಯ ಬದಿಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆಯಬೇಕು.

ಇಂದೇ ನಿಮ್ಮ ಮನೆಯ ಕುಂಡಗಳ ಬಳಿ ಹೋಗಿ. ಚೊಂಬನ್ನು ಅಡುಗೆಮನೆಯಲ್ಲೇ ಬಿಟ್ಟು, ಬೆರಳನ್ನು ಮಾತ್ರ ಒಯ್ಯಿರಿ.