ಮೂತ್ರಪಿಂಡ ಬರೀ ಸಾಣಿಗೆಯಲ್ಲ

ಮಕ್ಕಳೇ, ಮೂತ್ರಪಿಂಡವೆಂದರೆ ರಕ್ತ ಸೋಸುವ ಸಾಣಿಗೆ ಎಂದು ನೀವು ಕೇಳಿರಬಹುದು. ಈ ಹೋಲಿಕೆ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಅವ್ವ ಜೋಳದ ಹಿಟ್ಟು ಸಾಣಿಸುವಾಗ ಹಿಟ್ಟು ಕೆಳಗಿಳಿಯುತ್ತದೆ, ತೌಡು ಮೇಲುಳಿಯುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಮೂತ್ರಪಿಂಡದ ಕೆಲಸ ಅಲ್ಲಿಂದಲೇ ಶುರು.

ಮುಷ್ಟಿ ಗಾತ್ರದ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತಲೆಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೊಂಚಲು. ರಕ್ತದ ಒತ್ತಡಕ್ಕೆ ನೀರು, ಲವಣ, ಸಕ್ಕರೆ, ಯೂರಿಯಾ ಅಲ್ಲಿಂದ ನಳಿಕೆಗೆ ಇಳಿಯುತ್ತವೆ. ರಕ್ತಕಣಗಳು, ಪ್ರೋಟೀನುಗಳು ರಕ್ತದಲ್ಲೇ ಉಳಿಯುತ್ತವೆ. ದೊಡ್ಡವರಲ್ಲಿ ಹೀಗೆ ಇಳಿಯುವ ದ್ರವ ದಿನಕ್ಕೆ ಸುಮಾರು 180 ಲೀಟರ್, ಅಂದರೆ ಹತ್ತು ಹನ್ನೆರಡು ಕೊಡ! ಆದರೆ ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರಿನಷ್ಟು. ಉಳಿದದ್ದೆಲ್ಲಿ? ನಳಿಕೆಯು ಸಕ್ಕರೆಯನ್ನೆಲ್ಲ, ಬೇಕಾದಷ್ಟು ನೀರು ಮತ್ತು ಲವಣವನ್ನು ರಕ್ತಕ್ಕೆ ಮರಳಿಸುತ್ತದೆ. ಯಾವ ಸಾಣಿಗೆಗೆ ಈ ಲೆಕ್ಕ ಗೊತ್ತು?

ಹೂವಿನ ಹಿಪ್ಪರಗಿಯ ಸುತ್ತ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿದವರ ನೀರೆಲ್ಲ ಬೆವರಾಗಿ ಹೋಗುತ್ತದೆ. ಆಗ ಮೂತ್ರಪಿಂಡಕ್ಕೆ ಬರುವ ರಕ್ತ ಕಡಿಮೆಯಾಗದಂತೆ ಅದರೊಳಗಿನ ಕೆಲವು ರಾಸಾಯನಿಕಗಳು ರಕ್ತನಾಳವನ್ನು ಅಗಲವಾಗಿ ಇಡುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಗುಳಿಗೆಗಳು ಈ ರಾಸಾಯನಿಕಗಳನ್ನೇ ತಡೆಯುತ್ತವೆ. ಮೈಕೈ ನೋವೆಂದು ಯಾರನ್ನೂ ಕೇಳದೆ ಅಂಗಡಿಯಿಂದ ಗುಳಿಗೆ ತಂದು ದಿನಾ ನುಂಗುವ ರೂಢಿ ನಿಲ್ಲಲೇಬೇಕು. ಮನೆಯಲ್ಲಿ ನೀವೇ ಕೇಳಿ: “ಅಪ್ಪಾ, ಇದು ಡಾಕ್ಟರು ಬರೆದುಕೊಟ್ಟ ಗುಳಿಗೆಯೇನು?”

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇನ್ನೂ ದೊಡ್ಡ ಶತ್ರುಗಳು. ಕೆಲವು ನೆಫ್ರಾನ್‌ಗಳು ಸತ್ತರೆ ಉಳಿದವು ಅವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಆದ್ದರಿಂದ ಬಹುಕಾಲ ನೋವೂ ಇಲ್ಲ, ಸುಳಿವೂ ಇಲ್ಲ. ಕಾಲು ಬಾತು, ಉಸಿರು ಕಟ್ಟಿ, ಸುಸ್ತಾಗುವ ಹೊತ್ತಿಗೆ ಬಹುಪಾಲು ನೆಫ್ರಾನ್‌ಗಳು ಹೋಗಿರುತ್ತವೆ. ರಕ್ತ, ಮೂತ್ರದ ಸಾಮಾನ್ಯ ಪರೀಕ್ಷೆಯಲ್ಲಿ ಇದನ್ನು ಮೊದಲೇ ಕಂಡುಹಿಡಿಯಬಹುದು.

ಪೂರ್ತಿ ಸೋತರೆ ಬೇರೆಯವರ ಮೂತ್ರಪಿಂಡ ಜೋಡಿಸಬೇಕು, ಇಲ್ಲವೇ ಡಯಾಲಿಸಿಸ್ ಮಾಡಿಸಬೇಕು. 1943ರಲ್ಲಿ, ಯುದ್ಧದ ನಡುವೆ, ನೆದರ್ಲೆಂಡಿನ ವೈದ್ಯ ವಿಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಯಿಂದ ಇಂಥ ಯಂತ್ರ ಕಟ್ಟಿದರು. ಇಂದಿನ ಯಂತ್ರಕ್ಕೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಮೈಯೊಡ್ಡಬೇಕು. ನಡುವಿನ ದಿನಗಳಲ್ಲಿ ಹೆಚ್ಚಿನ ನೀರನ್ನು ಹೊರಹಾಕುವವರು ಯಾರೂ ಇಲ್ಲ. ಹಾಗಾಗಿ ನಮ್ಮ ಏಪ್ರಿಲ್ ಬಿಸಿಲಿನಲ್ಲೂ ಆ ರೋಗಿ ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು.