ಗೂಳಿಗಳ ಪಡೆಗೆ ಕರಾವಳಿಯ ಹುಡುಗರು ಯಾಕೆ ಕಾಣುವುದಿಲ್ಲ?

ಬೆಂಗಳೂರಿನ ಹೆಸರು ಹೊತ್ತ ಕಬಡ್ಡಿ ತಂಡವೊಂದಿದೆ. ಬೆಂಗಳೂರು ಬುಲ್ಸ್. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಂದಿನಿಂದ ಇದೆ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಮನೆಯಲ್ಲಿ ಊಟದ ತಟ್ಟೆ ಹಿಡಿದುಕೊಂಡೇ ಟಿ.ವಿ. ಎದುರು ಕೂತು ‘ನಮ್ಮ ತಂಡ, ನಮ್ಮ ತಂಡ’ ಎಂದು ಕೂಗಿದವರು ನಾವು. ಆದರೆ ಆ ‘ನಮ್ಮ ತಂಡ’ದಲ್ಲಿ ನಮ್ಮವರು ಎಷ್ಟು ಮಂದಿ? ಹೆಚ್ಚಿನ ವರ್ಷ ಲೆಕ್ಕ ಹಾಕಲು ಒಂದು ಕೈಯ ಬೆರಳು ಧಾರಾಳ ಸಾಕಾಗಿದೆ.

ಹರಾಜು ನಡೆಯುವ ಕಾಲವನ್ನಾದರೂ ನೋಡಿ. 2022ರಲ್ಲಿ ಆಗಸ್ಟ್, 2024ರಲ್ಲಿ ಆಗಸ್ಟ್ 15-16, 2025ರಲ್ಲಿ ಮೇ 31 ಮತ್ತು ಜೂನ್ 1. ಎಲ್ಲವೂ ಮಳೆಯ ಆಸುಪಾಸು. ನಮ್ಮಲ್ಲಿ ಅಂಕಣಕ್ಕೆ ನೀರು ನಿಂತು, ಹ್ಯಾಲೊಜನ್ ದೀಪಗಳೆಲ್ಲ ಶಾಮಿಯಾನದವನ ಗೋದಾಮು ಸೇರಿದ ಹೊತ್ತಿಗೆ ಅಲ್ಲಿ ಮುಂಬೈಯಲ್ಲಿ ಆಟಗಾರರ ಬೆಲೆ ಕೂಗುತ್ತಾರೆ. ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು, ಯಾರನ್ನು ಕೊಳ್ಳಬೇಕು ಎಂದು ತಂಡದವರು ತಲೆ ಕೆಡಿಸಿಕೊಳ್ಳುವ ಕಾಲ ಅದು. ನಾವು ಕೂಡ ತಲೆ ಕೆಡಿಸಿಕೊಳ್ಳಬೇಕಾದ ಕಾಲ ಅದೇ. ಪಂದ್ಯ ಶುರುವಾದ ಮೇಲೆ ‘ಕನ್ನಡಿಗರಿಗೆ ಅನ್ಯಾಯ’ ಎಂದು ಬೊಬ್ಬೆ ಹೊಡೆದರೆ ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಓಡಿದ ಹಾಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹರಿಯಾಣದ ಹುಡುಗರನ್ನು ಬೈಯಲು ಈ ಲೇಖನ ಬರೆಯುತ್ತಿಲ್ಲ. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬುಲ್ಸ್ ಪ್ರಶಸ್ತಿ ಗೆದ್ದ ರಾತ್ರಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಅವನ ಜಾತಕ ಕೇಳದೆ ನಾವೂ ಪಟಾಕಿ ಹೊಡೆದಿದ್ದೇವೆ. ಆಡುವವನಿಗೆ ಜಾಗ ಸಿಗಬೇಕು, ಅದು ಸರಿ. ನಮ್ಮ ತಕರಾರು ಇರುವುದು ತಂಡ ಕಟ್ಟುವ ರೀತಿಯ ಬಗ್ಗೆ.

ಏನು ರೀತಿ? ಒಬ್ಬ ದೊಡ್ಡ ದಾಳಿಗಾರನ ಮೇಲೆ ಥೈಲಿ ಸುರಿಯುವುದು, ಉಳಿದ ಆರು ಮಂದಿ ದೇವರ ಮೇಲೆ ಭಾರ ಹಾಕಿ ನಿಲ್ಲುವುದು! 2022ರಲ್ಲಿ ಪವನ್ ಕೈಬಿಟ್ಟ ಮೇಲೆ ವಿಕಾಶ್ ಕಂಡೋಲಾನಿಗೆ 1 ಕೋಟಿ 70 ಲಕ್ಷ. ಆ ವರ್ಷವೇನೋ ಸೆಮಿಫೈನಲ್ ಮುಟ್ಟಿತು, ಅದಕ್ಕೂ ಹೆಚ್ಚಿನ ಕಾರಣ ಭರತ್ ಎಂಬ ಬೇರೊಬ್ಬ ಹುಡುಗ. 2024ರಲ್ಲಿ ಪ್ರದೀಪ್ ನರ್ವಾಲ್‌ನನ್ನು 70 ಲಕ್ಷಕ್ಕೆ, ಅಜಿಂಕ್ಯ ಪವಾರ್‌ನನ್ನು ಕೋಟಿಗೂ ಮೇಲೆ ಕೊಟ್ಟು ತಂದರು. ಫಲ? 22 ಪಂದ್ಯಗಳಲ್ಲಿ 2 ಗೆಲುವು, 12 ತಂಡಗಳಲ್ಲಿ 12ನೇ ಸ್ಥಾನ. ಪ್ರದೀಪ್ ಒಂದು ಕಾಲಕ್ಕೆ ಪಟ್ನಾಕ್ಕೆ ಸಾಲಾಗಿ ಮೂರು ಪ್ರಶಸ್ತಿ ಗೆದ್ದುಕೊಟ್ಟ ಮಹಾ ಆಟಗಾರ. ಆದರೆ ಹೆಸರು ಅಂಕ ತರುವುದಿಲ್ಲ ಮಾರಾಯ್ರೆ, ಕಾಲು ತರಬೇಕು.

ಇದಕ್ಕೆ ಪ್ರತಿಯಾಗಿ ಪಟ್ನಾದವರನ್ನು ನೋಡಿ. 2021ರ ಹರಾಜಿಗೆ ಮುಂಚೆ ಇದೇ ಪ್ರದೀಪ್‌ನನ್ನು ಅವರು ಬಿಟ್ಟುಕೊಟ್ಟರು. ಉತ್ತರ ಪ್ರದೇಶದ ತಂಡ 1 ಕೋಟಿ 65 ಲಕ್ಷ ಕೊಟ್ಟು ಕೊಂಡಿತು. ‘ಪಟ್ನಾದ ಕಥೆ ಮುಗಿಯಿತು’ ಎಂದರು ಎಲ್ಲರೂ. ಪಟ್ನಾ ನಾಯಕನ ಪಟ್ಟ ಕಟ್ಟಿದ್ದು ಯಾರಿಗೆ ಗೊತ್ತೇ? ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈಗೆ! ಲೀಗ್ ಪಟ್ಟಿಯಲ್ಲಿ ಆ ತಂಡ ಮೊದಲ ಸ್ಥಾನ ಪಡೆಯಿತು. ಫೈನಲಿನಲ್ಲಿ ದೆಹಲಿಯ ಎದುರು 36-37, ಒಂದೇ ಅಂಕದ ಸೋಲು. ಆ ಇಡೀ ಪಂದ್ಯಾವಳಿ ಕೊರೋನಾದ ಕಾರಣ ನಡೆದದ್ದು ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ. ಅಂದರೆ ಬೆಂಗಳೂರಿನ ನೆಲದಲ್ಲಿ ದಕ್ಷಿಣ ಕನ್ನಡದ ಹುಡುಗ ಬಿಹಾರದ ತಂಡವನ್ನು ಫೈನಲಿಗೆ ನಡೆಸಿದ, ಬೆಂಗಳೂರಿನ ತಂಡ ಸೆಮಿಫೈನಲಿನಲ್ಲಿ ಸೋತು ಮೂಟೆ ಕಟ್ಟಿತು. ನಗಬೇಕೋ ಅಳಬೇಕೋ ನೀವೇ ಹೇಳಿ.

ಇನ್ನೊಂದು ಉದಾಹರಣೆ 2019ರ ಅಕ್ಟೋಬರ್ 19ರದ್ದು. ಬೆಂಗಾಲ್ ವಾರಿಯರ್ಸ್ ತಂಡದ ನಾಯಕ ಮಣಿಂದರ್ ಸಿಂಗ್ ಗಾಯಗೊಂಡು ಫೈನಲಿಗೆ ಇಲ್ಲ. ಮುಖ್ಯ ದಾಳಿಗಾರನೇ ಇಲ್ಲದ ತಂಡ! ಆವತ್ತು ಇರಾನಿನ ನಬೀಬಕ್ಷ್ ಜತೆ ದಾಳಿಯ ಹೊಣೆ ಹೊತ್ತವರು ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ. ಇದೇ ಸುಕೇಶ್ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿದ್ದವರು. ಬೆಂಗಾಲ್ 39-34ರಿಂದ ಗೆದ್ದಿತು. ಆ ತಂಡದ ತರಬೇತುದಾರರು ಕನ್ನಡಿಗ ಬಿ.ಸಿ. ರಮೇಶ್. ಬೆಂಚಿನ ಮೇಲೆ ಕೂತವನಿಗೂ ಬೆಲೆ ಇದೆ ಎಂದು ತಿಳಿದ ತಂಡ ಗೆಲ್ಲುವುದು ಹೀಗೆ. ತಮಿಳ್ ತಲೈವಾಸ್ ಕಥೆಯೂ ಇದೇ. 2022ರಲ್ಲಿ ಪವನ್‌ಗೆ 2 ಕೋಟಿ 26 ಲಕ್ಷ ಕೊಟ್ಟರು, ಅವನು ಮೊದಲ ಪಂದ್ಯದಲ್ಲೇ ಮೊಣಕಾಲು ಮುರಿಸಿಕೊಂಡು ಹೊರಗೆ ಕೂತ. ಸಣ್ಣ ಬೆಲೆಯ ಹುಡುಗರು ಅದೇ ವರ್ಷ ಆ ತಂಡವನ್ನು ಮೊದಲ ಬಾರಿಗೆ ಸೆಮಿಫೈನಲಿಗೆ ಒಯ್ದರು.

ಪುತ್ತೂರಿನವರು ಪಟ್ನಾಕ್ಕೆ ನಾಯಕ, ಕರಾವಳಿಯವರು ಗುಜರಾತಿಗೆ ನಾಯಕ, ಕನ್ನಡಿಗ ತರಬೇತುದಾರ ಬಂಗಾಳಕ್ಕೆ ಬೇಕು. ಬೆಂಗಳೂರಿಗೆ ಯಾಕೆ ಬೇಡವಾಗಿತ್ತು ಸ್ವಾಮಿ?

ಬಿ.ಸಿ. ರಮೇಶ್ ಬೆಂಗಾಲ್ ಆದ ಮೇಲೆ ಪುಣೆಗೆ ಹೋದರು. ಅಲ್ಲಿ ನಡೆದದ್ದನ್ನು ನಮ್ಮ ಸಂಘಟನೆಗಳವರು ಸ್ವಲ್ಪ ನಿಧಾನವಾಗಿ ಓದಬೇಕು. ಪುಣೆಯವರು ‘ಯುವ ಪಲ್ಟನ್’ ಎಂದು ಒಂದು ಗರಡಿ ಇಟ್ಟುಕೊಂಡಿದ್ದಾರೆ. ಎಳೆಯ ಹುಡುಗರನ್ನು ತಂದು, ಅನ್ನ ಹಾಕಿ, ಆಟ ಕಲಿಸುತ್ತಾರೆ. ಪ್ರೊ ಕಬಡ್ಡಿಯ ನಿಯಮದಲ್ಲಿ ‘ಹೊಸ ಯುವ ಆಟಗಾರ’ ಎಂಬ ಒಂದು ಬಾಗಿಲಿದೆ, ಹರಾಜಿನ ಗೊಡವೆ ಇಲ್ಲದೆ ತಂಡ ನೇರವಾಗಿ ಹುಡುಗನನ್ನು ಸೇರಿಸಿಕೊಳ್ಳಬಹುದು. ಆ ಬಾಗಿಲಿನಿಂದಲೇ ಬಂದ ಮಹಾರಾಷ್ಟ್ರದ ಹಳ್ಳಿಯ ಹುಡುಗ ಅಸ್ಲಂ ಇನಾಮ್‌ದಾರ್ ನಾಯಕನಾದ. ಆಕಾಶ್ ಶಿಂದೆ, ಪಂಕಜ್ ಮೋಹಿತೆ ಎಲ್ಲ ಅದೇ ಮಣ್ಣಿನವರು. 2024ರ ಮಾರ್ಚ್ 1ರಂದು ಹರಿಯಾಣವನ್ನು 28-25ರಿಂದ ಸೋಲಿಸಿ ಪುಣೆ ಪ್ರಶಸ್ತಿ ಎತ್ತಿತು. ತರಬೇತುದಾರ ಕನ್ನಡಿಗ, ಹುಡುಗರು ಮರಾಠಿಗರು! ನಮ್ಮ ಬಾವಿಯ ನೀರಲ್ಲಿ ನೆರೆಮನೆಯ ತೋಟ ಹಸಿರಾಯಿತು.

2025ರಲ್ಲಿ ರಮೇಶ್ ಬುಲ್ಸ್ ಪಾಳಯಕ್ಕೆ ಬಂದರು. ಹಿಂದಿನ ವರ್ಷ ತಳದಲ್ಲಿ ಬಿದ್ದಿದ್ದ ತಂಡ ಪ್ಲೇಆಫ್ ಮುಟ್ಟಿತು. ಇರಾನಿನ ಅಲಿರೆಜಾ ಮಿರ್ಜಾಯಿಯನ್ ಎಂಬ ಯಾರೂ ಕೇಳದ ಹೆಸರಿನ ಹುಡುಗ ಮುಖ್ಯ ದಾಳಿಗಾರನಾದ. ಗಣೇಶ ಹನಮಂತಗೋಳ ಎಂಬ ನಮ್ಮ ಹುಡುಗನಿಗೂ ಅಂಕಣಕ್ಕೆ ಇಳಿಯುವ ಯೋಗ ಬಂತು. ದುಡ್ಡಿನ ಥೈಲಿ ಎಲ್ಲರಿಗೂ 5 ಕೋಟಿಯೇ. ಕಣ್ಣು ಮಾತ್ರ ಬೇರೆ.

ಈಗ ನಮ್ಮ ಮನೆಯ ಕಸವನ್ನೂ ಸ್ವಲ್ಪ ಗುಡಿಸೋಣ. ನಾನು ಮುದ್ರಣಾಲಯ ನಡೆಸುವವನು. ದೀಪಾವಳಿ ಕಳೆದರೆ ಮಳೆ ಹಿಡಿಯುವವರೆಗೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’ದ ಕರಪತ್ರ ನನ್ನ ಯಂತ್ರದಲ್ಲಿ ಓಡುತ್ತಲೇ ಇರುತ್ತದೆ. ಸಿದ್ಧಕಟ್ಟೆಯವರು ಬರುತ್ತಾರೆ, ವೇಣೂರಿನವರು ಬರುತ್ತಾರೆ, ವಿಟ್ಲದವರು ಬರುತ್ತಾರೆ. ಅತಿಥಿಗಳ ಹೆಸರಿನಲ್ಲಿ ಒಬ್ಬರು ಬಿಟ್ಟುಹೋದರೆ ಮಧ್ಯರಾತ್ರಿ ಫೋನು. ಆ ಪಟ್ಟಿಯ ಅಡಿಯಲ್ಲಿ ಬಹುಮಾನದ ಸಾಲು: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಇಷ್ಟು ವರ್ಷ ಈ ಮೂರೇ ಅಚ್ಚು ಹಾಕಿದ್ದೇನೆ. ಮೂಲೆಯಲ್ಲಿ ನಿಂತು ಕಣಕಾಲು ಹಿಡಿಯುವವನಿಗೆ ಬೇರೆ, ನಡುವಿನಲ್ಲಿ ನಿಂತು ಅಡ್ಡ ಬರುವವನಿಗೆ ಬೇರೆ ಬಹುಮಾನ ಇಟ್ಟವರನ್ನು ಕಂಡಿಲ್ಲ.

ಇದು ಸಣ್ಣ ಮಾತಲ್ಲ. ಏಳು ಮಂದಿಯಲ್ಲಿ ಎರಡು ಕಾರ್ನರ್, ಎರಡು ಕವರ್ ಎಂದರೆ ಅರ್ಧಕ್ಕೂ ಹೆಚ್ಚು ಜಾಗ ಹಿಡಿತಗಾರರದ್ದು. ಪ್ರೊ ಕಬಡ್ಡಿಯಲ್ಲಿ ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರ ಔಟ್. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ 2 ಅಂಕ. ಈ ಎರಡು ನಿಯಮಗಳು ಬಂದ ಮೇಲೆ ಪಂದ್ಯ ತಿರುಗಿಸುವುದು ಹೆಚ್ಚಾಗಿ ಮೂಲೆಯವನೇ. ನಮ್ಮ ಊರಿನಲ್ಲಿ ಎಲ್ಲರಿಗೂ ದಾಳಿಗಾರನೇ ಆಗಬೇಕು! ಒಂದೇ ರಾತ್ರಿಯಲ್ಲಿ ಹತ್ತಾರು ತಂಡಗಳ ಪಂದ್ಯ ಮುಗಿಸುವ ಅವಸರಕ್ಕೆ ಆಟದ ಹೊತ್ತನ್ನೂ ಕತ್ತರಿಸುತ್ತೇವೆ. ಹಾಗೆ ಬೆಳೆದ ಹುಡುಗನನ್ನು 40 ನಿಮಿಷದ ಪಂದ್ಯಕ್ಕೆ ಇಳಿಸಿದರೆ ದ್ವಿತೀಯಾರ್ಧಕ್ಕೆ ಉಸಿರು ಉಳಿಯಬೇಡವೇ?

ಇದು ಸರಿಯಾಗುವ ಕೆಲಸ. ಉಜಿರೆಯಲ್ಲಿ, ಮೂಡುಬಿದಿರೆಯಲ್ಲಿ ಆಟಗಾರರನ್ನು ಸಾಕುವ ವಿದ್ಯಾಸಂಸ್ಥೆಗಳಿವೆ, ಮಳೆಗಾಲಕ್ಕೂ ಆಗುವ ಸೂರು ಇದೆ. ಆದ್ದರಿಂದ ಬುಲ್ಸ್ ತಂಡದವರಲ್ಲಿ ನಾವು ಕೇಳಬೇಕಾದ್ದು ಮೀಸಲಾತಿಯಲ್ಲ. ಹರಾಜಿಗೆ ಮುಂಚೆ, ಆ ತಿಂಗಳುಗಳಲ್ಲಿ, ನಮ್ಮ ಮೂರು ತಾಲೂಕುಗಳಲ್ಲಿ ಎಲ್ಲಾದರೂ ಒಂದು ಕಡೆ ಆಯ್ಕೆ ಶಿಬಿರ ನಡೆಸಲಿ. ಕೊಡಗಿನಲ್ಲಿ, ಮಂಡ್ಯದಲ್ಲಿ, ಬೆಳಗಾವಿಯಲ್ಲೂ ನಡೆಸಲಿ. ಕೆಳಗಿನ ‘ಡಿ’ ವರ್ಗದ ಆಟಗಾರನ ಮೂಲಬೆಲೆ 9 ಲಕ್ಷ, 2025ರ ಹರಾಜಿನ ಲೆಕ್ಕ. ಒಬ್ಬ ಕೋಟಿವೀರನ ದುಡ್ಡಿನಲ್ಲಿ ಅಂಥ ಹತ್ತು ಹುಡುಗರು! ಹೊಸ ಯುವ ಆಟಗಾರನಿಗಂತೂ ಹರಾಜೇ ಬೇಡ. 18ರಿಂದ 25 ಮಂದಿಯ ತಂಡದಲ್ಲಿ ನಾಲ್ಕು ಕನ್ನಡದ ಎಳೆಯರನ್ನು ಎರಡು ವರ್ಷ ಬೆಂಚಿನ ಮೇಲೆ ಕೂರಿಸಿ ಕಲಿಸಿದರೆ ತಂಡಕ್ಕೇ ಲಾಭ. ಟೈಮ್ ಔಟ್ ಆದಾಗ ಮೈಕಿನಲ್ಲಿ ಕೇಳುವುದು ಹೆಚ್ಚಾಗಿ ಹಿಂದಿ. 30 ಸೆಕೆಂಡಿನಲ್ಲಿ ಹೇಳಿದ್ದನ್ನು ಬೆಳ್ತಂಗಡಿಯ ಹುಡುಗ ಮನಸ್ಸಿನಲ್ಲೇ ತರ್ಜುಮೆ ಮಾಡಿಕೊಳ್ಳುವಷ್ಟರಲ್ಲಿ ಎದುರಾಳಿ ಗೆರೆ ಮುಟ್ಟಿ ಹೋಗಿರುತ್ತಾನೆ. ತರಬೇತುದಾರರಿಗೆ ಕನ್ನಡ ಬರುತ್ತದೆ, ಕೇಳುವ ಕಿವಿಗಳನ್ನು ತಂಡಕ್ಕೆ ಸೇರಿಸಿಕೊಳ್ಳಬೇಕಷ್ಟೆ.

ಇನ್ನೊಂದು ತಕರಾರು ತವರಿನದು. 2017ರಲ್ಲಿ ‘ಬೆಂಗಳೂರು’ ತಂಡದ ತವರು ಪಂದ್ಯಗಳು ನಡೆದದ್ದು ನಾಗಪುರದಲ್ಲಿ. 2018ರಲ್ಲಿ ಪುಣೆಯಲ್ಲಿ. ಕಂಠೀರವ ಕ್ರೀಡಾಂಗಣ ಸಿಗಲಿಲ್ಲವಂತೆ! 2024 ಮತ್ತು 2025ರಲ್ಲಿ ಬೆಂಗಳೂರಿನಲ್ಲಿ ಒಂದು ಪಂದ್ಯವೂ ಇಲ್ಲ. ತವರಿನ ಜನ ಕಣ್ಣೆದುರು ಇಲ್ಲದ ತಂಡಕ್ಕೆ ತವರಿನ ಹುಡುಗನ ನೆನಪಾಗುವುದು ಹೇಗೆ? ಇದರಲ್ಲಿ ತಂಡಕ್ಕಿಂತ ಸರ್ಕಾರದ ಮತ್ತು ಲೀಗಿನವರ ಪಾಲು ಹೆಚ್ಚು.

ನೌಕರಿಯ ಪ್ರಶ್ನೆಯನ್ನೂ ಬಿಡುವ ಹಾಗಿಲ್ಲ. ಪ್ರೊ ಕಬಡ್ಡಿ ವರ್ಷದಲ್ಲಿ ಎರಡು ಮೂರು ತಿಂಗಳ ಹಬ್ಬ. ಉಳಿದ ಒಂಬತ್ತು ತಿಂಗಳು ಅನ್ನ ಯಾರು ಹಾಕಬೇಕು? 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕಿಗೆ ಕಬಡ್ಡಿ ತಂಡವಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬರೋಡಾದ ಹೊಟ್ಟೆ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎರಡೂ ಹೋದವು. ಹೋದದ್ದು ಬೋರ್ಡು ಮಾತ್ರ ಎಂದುಕೊಂಡಿದ್ದೆವು. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ 2012ರಲ್ಲಿ ವಿಶ್ವಕಪ್ ಗೆದ್ದುಕೊಟ್ಟವರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅವರಿಗೆ ನೌಕರಿ ಕೊಟ್ಟದ್ದು ಸಿಕಂದರಾಬಾದಿನ ರೈಲ್ವೆ. ಮಗ ಕಬಡ್ಡಿ ಆಡುತ್ತೇನೆ ಎಂದರೆ ಅಪ್ಪ ‘ಮೊದಲು ಐ.ಟಿ.ಐ. ಮುಗಿಸು’ ಎನ್ನುವುದು ಸುಮ್ಮನೆ ಅಲ್ಲ.

ಬುಲ್ಸ್ ತಂಡದ ಆಡಳಿತಕ್ಕೆ, ರಾಜ್ಯ ಕ್ರೀಡಾ ಇಲಾಖೆಗೆ ಒಂದೊಂದು ಮನವಿ ಕನ್ನಡದಲ್ಲೇ ಬರೆದಿದ್ದೇನೆ. ಮೂರು ತಾಲೂಕುಗಳ ಯುವಕ ಮಂಡಲಗಳು, ಕ್ರೀಡಾ ಸಂಘಗಳು ತಮ್ಮ ಮೊಹರು, ಅಧ್ಯಕ್ಷರ ಸಹಿ ಹಾಕಿ ಕೊಟ್ಟರೆ ಸಾಕು, ಕಾಗದ ಮತ್ತು ಮುದ್ರಣದ ಖರ್ಚು ನನ್ನದು. ಬರುವ ವರ್ಷದ ಪಂದ್ಯಾಟದ ಕರಪತ್ರ ಮಾಡಿಸಲು ಬರುವವರು ‘ಉತ್ತಮ ಕಾರ್ನರ್’ ಎಂದು ಒಂದು ಸಾಲು ಸೇರಿಸುವುದಾದರೆ ಆ ಸಾಲಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.